ಮಣಿಕಟ್ಟಿನ ಕೋನ

ನಿಫಾಡ ದಾಟಿದ ಮೇಲೆ ಮಂಜುಶ್ರೀಗೆ ನಿದ್ದೆ ಹತ್ತಿತು. ಕಾರಿನ ಕಿಟಕಿಗೆ ತಲೆ ಆನಿಸಿ, ಎಡಗೈಯನ್ನು ತೊಡೆಯ ಮೇಲೆ ಅಂಗೈ ಮೇಲಾಗಿ ಇಟ್ಟುಕೊಂಡು ಮಲಗಿದ್ದಳು. ರವಿಕಾಂತ ರಸ್ತೆಯಿಂದ ಕಣ್ಣು ತೆಗೆದು ಮತ್ತೆ ಮತ್ತೆ ಆ ಕೈಯನ್ನೇ ನೋಡಿದ. ವಿಶೇಷವೇನೂ ಇರಲಿಲ್ಲ. ಗಡಿಯಾರ ಕಟ್ಟಿ ಕಟ್ಟಿ ಬೆಳ್ಳಗಾದ ಒಂದು ಪಟ್ಟಿ, ಎರಡು ಹಸಿರು ಬಳೆ, ಕಿರುಬೆರಳ ಬುಡದಲ್ಲಿ ಈಚೆಗೆ ಎದ್ದ ಸಣ್ಣದೊಂದು ಜಡ್ಡು. ಅಂಥ ಜಡ್ಡು ಅವನ ಕೈಯಲ್ಲೂ ಇತ್ತು. ಅವನದು ಮೂರು ವರ್ಷದ್ದು, ಅವಳದು ನಾಲ್ಕು ತಿಂಗಳಿನದು. ಎದುರಿನಿಂದ ದ್ರಾಕ್ಷಿಯ ಕ್ರೇಟು ಹೇರಿಕೊಂಡು ಬಂದ ಟೆಂಪೋ ಹಾರ್ನ್ ಹೊಡೆದಾಗ ಅವನು ಬೆಚ್ಚಿ ಸ್ಟಿಯರಿಂಗ್ ತಿರುಗಿಸಿದ. ಅವಳಿಗೆ ಎಚ್ಚರವಾಗಲಿಲ್ಲ. ಎಲ್ಲಿ ಬೇಕಾದರೂ ಹೀಗೆ ನಿದ್ದೆ ಮಾಡಬಲ್ಲವಳು ಅವಳು. ಅದನ್ನೂ ಅವನು ಮನಸ್ಸಿನಲ್ಲಿ ಅವಳ ಮೇಲಿನ ದೂರಿನಂತೆ ಜೋಡಿಸಿಟ್ಟುಕೊಂಡ.

ಹತ್ತು ಗಂಟೆಗೆ ಛತ್ರಪತಿ ಸಂಭಾಜಿನಗರದಲ್ಲಿ ಇರಬೇಕಿತ್ತು. ನಾಸಿಕ, ಸಂಭಾಜಿನಗರ ಎರಡೂ ಊರಿನ ಕಾರ್ಖಾನೆಗಳವರು ಸೇರಿ ವರ್ಷಕ್ಕೊಮ್ಮೆ ನಡೆಸುವ ಗಾಲ್ಫ್ ಆಟ. ಬೆಳಿಗ್ಗೆ ಗಂಡಸರಿಗೆ ಒಂಬತ್ತು ಕುಳಿಗಳ ಪಂದ್ಯ, ಆಮೇಲೆ ಹೆಂಗಸರಿಗೆ ಯಾರು ಹೆಚ್ಚು ದೂರ ಹೊಡೆಯುತ್ತಾರೆ ಎನ್ನುವ ಸ್ಪರ್ಧೆ. ಅದರಲ್ಲಿ ಮೊದಲಿಬ್ಬರಾಗಿ ಬಂದವರು ಡಿಸೆಂಬರಿನಲ್ಲಿ ಪುಣೆಯ ಪಂದ್ಯಕ್ಕೆ ಹೋಗುತ್ತಾರೆ. ಮಂಜುಶ್ರೀ ಪಂಚವಟಿಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಶಿಯನ್. ಅಲ್ಲಿಯ ಹುಡುಗಿಯರಿಗೆಲ್ಲ ಪುಣೆಯ ಸುದ್ದಿ ಹೇಳಿದ್ದಳೆಂದು ಅವನಿಗೆ ಮಗಳಿಂದ ತಿಳಿದಿತ್ತು. ಹೋದ ವಾರ ಅವಳು ಬಿಳಿಯ ಬೂಟು ಕೊಂಡಿದ್ದಳು. ನಲವತ್ತನಾಲ್ಕು ವರ್ಷಕ್ಕೆ ಅವಳ ಮೊದಲ ಆಟದ ಬೂಟು. ಮನೆಯಲ್ಲಿ ಹಾಕಿಕೊಂಡು ಅಡುಗೆಮನೆಯಿಂದ ಬಾಲ್ಕನಿಯ ತನಕ ನಡೆದು ನೋಡಿ, ಮತ್ತೆ ಕಾಗದದಲ್ಲಿ ಸುತ್ತಿ ಡಬ್ಬಿಗೆ ಹಾಕಿದ್ದಳು. ಈಗ ಆ ಡಬ್ಬಿ ಹಿಂದಿನ ಸೀಟಿನ ಮೇಲೆ ಪ್ರತಿ ತಿರುವಿನಲ್ಲೂ ಸರಿದಾಡುತ್ತಿತ್ತು.

ಅವನು ಗಾಲ್ಫಿಗೆ ಬಂದದ್ದು ಆಟದ ಆಸೆಯಿಂದಲ್ಲ. ಸಾತಪುರದಲ್ಲಿ ಅವನು ಕೆಲಸ ಮಾಡುವ ವಿದ್ಯುತ್ ಹರಿವು ಕಡಿಯುವ ಬ್ರೇಕರುಗಳ ಕಾರ್ಖಾನೆಯ ಮುಖ್ಯಸ್ಥ ವಿನಯ ಸಾಹೇಬರು ಆಡುತ್ತಿದ್ದರು, ಭಾನುವಾರ ಅವರ ಜತೆ ಮೈದಾನದಲ್ಲಿ ನಡೆದವರ ಮಾತು ಸೋಮವಾರ ಮೀಟಿಂಗಿನಲ್ಲಿ ನಡೆಯುತ್ತಿತ್ತು. ಆದರೆ ಒಂದು ತಿಂಗಳೊಳಗೆ ಸಾಹೇಬರ ನೆಪ ಹಿಂದಕ್ಕೆ ಸರಿದು ಆ ಹೊಡೆತದ ಭೌತಶಾಸ್ತ್ರವೇ ಅವನನ್ನು ಹಿಡಿದುಕೊಂಡಿತು. ಸ್ಪ್ರಿಂಗನ್ನು ಅದುಮಿ, ಕೊಂಡಿ ಹಾಕಿ, ಬೇಕಾದ ಕ್ಷಣಕ್ಕೆ ಕಳಚುವಂತೆ ಮಾಡುವುದೇ ಇಪ್ಪತ್ತೆರಡು ವರ್ಷಗಳಿಂದ ಅವನ ಕಸುಬು. ಹಾಗಾಗಿ ಇದು ತನ್ನದೇ ವಿಷಯ ಎನ್ನಿಸಿತ್ತು. ಊಟದ ಮೇಜಿನ ಮೇಲೆ ಎರಡು ಚಮಚಗಳನ್ನು ತುದಿಗೆ ತುದಿ ಜೋಡಿಸಿ ಹೆಂಡತಿಗೆ ತೋರಿಸುತ್ತಿದ್ದ. ಇದು ತೋಳು, ಇದು ಕ್ಲಬ್ಬು ಅಂದರೆ ಹೊಡೆಯುವ ಕೋಲು, ನಡುವಿನದು ಮಣಿಕಟ್ಟು. ತೋಳು ಕೆಳಗಿಳಿಯತೊಡಗಿದಾಗ ಕ್ಲಬ್ಬು ಮಡಚಿಕೊಂಡು, ಆ ಕೋನ ಬಿಡದೆ ಹಿಂದೆ ಉಳಿಯಬೇಕು. ಅದಕ್ಕೆ ಲ್ಯಾಗ್ ಅಂತಾರ. ಕೈ ಸೊಂಟಕ್ಕೆ ಬರುವ ಹೊತ್ತಿಗೆ ಕ್ಲಬ್ಬಿನ ತಲೆ ತನ್ನ ವೇಗಕ್ಕೆ ತಾನೇ ಹೊರಗೆ ಎಳಕೊಂಡು ಬಿಚ್ಚಿಕೊಳ್ಳತದ, ತೋಳು ತನ್ನ ವೇಗ ಎಲ್ಲ ಅದಕ್ಕ ಕೊಟ್ಟು ತಾನು ನಿಧಾನ ಆಗತದ. ಇದು ರಿಲೀಸ್. ನೋಡು, ನಾವು ಬಿಚ್ಚಲಿಕ್ಕ ಹೋದ್ರ ಮೊದಲೇ ಬಿಚ್ಚತದ. ಹಿಡೀಲಿಕ್ಕ ಹೋದ್ರ ಬಿಚ್ಚಂಗೇ ಇಲ್ಲ. ಅವಳು ರೊಟ್ಟಿ ಮುರಿಯುತ್ತ ಹೂಂ ಅನ್ನುತ್ತಿದ್ದಳು. ಮಗಳು ಮೃದುಲಾ ತನಗೆ ಬೇಕೆಂದು ಒಂದು ಚಮಚ ಎತ್ತಿಕೊಂಡು ಹೋಗಿಬಿಡುತ್ತಿದ್ದಳು. ಎಲ್ಲ ತಿಳಿದಿದ್ದರೂ ಅವನ ಮಣಿಕಟ್ಟು ಮಾತ್ರ ತೋಳು ಇಳಿಯುವ ಮೊದಲೇ ಬಿಚ್ಚಿಕೊಳ್ಳುತ್ತಿತ್ತು. ಮೂರು ವರ್ಷ, ಪ್ರತಿ ಸಲ. ಮೃದುಲಾ ಮೊಬೈಲಿನಲ್ಲಿ ಹಿಡಿದ ನಿಧಾನಗತಿಯ ವಿಡಿಯೋದಲ್ಲಿ ತನ್ನನ್ನು ತಾನು ನೋಡಿದಾಗ, ಮೀನು ಹಿಡಿಯಲು ಗಾಳ ಬೀಸುವ ಮುದುಕನ ಹಾಗೆ ಕಂಡಿದ್ದ.

ನಾಲ್ಕು ತಿಂಗಳ ಹಿಂದೆ ಮಂಜುಶ್ರೀ ಮೊದಲ ಸಲ ಹೊಡೆದದ್ದು ಸೀರೆಯಲ್ಲಿ. ಆವತ್ತು ಒಂದು ಮದುವೆಗೆ ಹೋಗುವ ದಾರಿಯಲ್ಲಿ ಅವನು ಅರ್ಧ ಗಂಟೆ ಅಭ್ಯಾಸಕ್ಕೆಂದು ರೇಂಜಿನಲ್ಲಿ ಕಾರು ನಿಲ್ಲಿಸಿದ್ದ. ರೇಂಜ್ ಅಂದರೆ ಒಂದು ತಗಡಿನ ಚಪ್ಪರದ ಕೆಳಗೆ ಸಾಲಾಗಿ ಹಾಸಿದ ಹಸಿರು ಮ್ಯಾಟುಗಳು, ಎದುರಿಗೆ ಬಯಲು, ಬಯಲಿನಲ್ಲಿ ಗಜ ಬರೆದ ಫಲಕಗಳು. ಅವಳು ಕುರ್ಚಿಯಲ್ಲಿ ಕೂತು ಹೂವಿನ ಪೊಟ್ಟಣ ಬಿಚ್ಚುತ್ತಿದ್ದಳು. ಕೋಚ್ ಉತ್ಕರ್ಷ, ಮಾತಿಗಿಂತ ಮೊದಲು ನಗುವ ಮೂವತ್ತರ ಮನುಷ್ಯ, ಸೌಜನ್ಯಕ್ಕೆಂದು "ವಹಿನಿ, ಏಕ್ ಮಾರೂನ್ ಬಘಾ" ಎಂದ. ಒಂದು ಹೊಡೆದು ನೋಡಿ ಅತ್ತಿಗೆ. ಅವಳು ಸೆರಗು ಸಿಕ್ಕಿಸಿ ನಿಂತಳು. ಮೊದಲನೆಯದು ಗಾಳಿಗೆ ಹೋಯಿತು, ಎಲ್ಲರೂ ನಕ್ಕರು, ಅವಳೂ ನಕ್ಕಳು. ಎರಡನೆಯದಕ್ಕೆ ಆ ಸದ್ದು ಬಂತು. ಮೂರು ವರ್ಷದಿಂದ ಬೇರೆಯವರ ಮ್ಯಾಟಿನಿಂದ ಮಾತ್ರ ಕೇಳಿಸುತ್ತಿದ್ದ, ಒಣಗಿದ ಕೊಂಬೆ ಮುರಿದಂಥ ಆ ಚಿಕ್ಕ ಸದ್ದು. ಚೆಂಡು ಅವಸರವಿಲ್ಲದೆ ಮೇಲೇರಿ, ನೂರರ ಫಲಕದಾಚೆ ಬಿತ್ತು. ಉತ್ಕರ್ಷ ನಗುವುದನ್ನು ನಿಲ್ಲಿಸಿ "ಪುನ್ಹಾ" ಎಂದ. ಮತ್ತೊಮ್ಮೆ. ಮದುವೆಗೆ ಅವರು ಮುಟ್ಟಿದಾಗ ಅಕ್ಷತೆ ಬಿದ್ದು ಹೋಗಿತ್ತು.

ಆ ರಾತ್ರಿ ಅವನು ಕಾರಣ ಹುಡುಕಿದ. ಚಿಂಚೋಳಿಯ ಕಡೆಯ ತೊಗರಿ ಹೊಲಗಳವಳು, ಸಣ್ಣಾಕಿದ್ದಾಗ ಕಣದಲ್ಲಿ ತೊಗರಿ ಬಡಿದಿರಬೇಕು, ಅದೇ ಚಲನೆ ಮೈಯಲ್ಲಿ ಉಳಿದಿರಬೇಕು. ಕೇಳಿದಾಗ ಅವಳು ಬಿದ್ದು ಬಿದ್ದು ನಕ್ಕಳು. "ನಮ್ಮ ಹೊಲಾ ಪಾಲಿಗಿ ಕೊಟ್ಟಿದ್ರು ರೀ. ನಾ ಹೊಲಕ್ಕ ಹೋಗತಿದ್ದುದು ಎಳ್ಳಮಾಸಿಗಿ, ಊಟ ಮಾಡ್ಲಕ." ಕಾರಣವಿಲ್ಲ ಎನ್ನುವುದೇ ಅವನಿಗೆ ಸಹಿಸಲಾಗಲಿಲ್ಲ. ಕಾರಣವಿದ್ದಿದ್ದರೆ ತನಗೆ ಸಿಗದೆ ಹೋದದ್ದಕ್ಕೂ ಒಂದು ಕಾರಣ ಇರುತ್ತಿತ್ತು. ಮರಾಠಿಯದೂ ಹೀಗೇ ಆಗಿತ್ತು. ಮದುವೆಯಾಗಿ ಬಂದ ಆರು ತಿಂಗಳಿಗೆ ಅವಳು ಪಂಚವಟಿಯ ಕಾಯಿಪಲ್ಲೆಯವರ ಜತೆ ಜಗಳವಾಡಿ ಗೆದ್ದು ಬರುತ್ತಿದ್ದಳು. ಅವನು ಬಾಯಿ ತೆರೆದರೆ ಅದೇ ಅಂಗಡಿಯವರು ಇವತ್ತಿಗೂ "ತುಮ್ಹಿ ಕುಠಲೆ?" ಎಂದು ಕೇಳುತ್ತಾರೆ. ನೀವು ಎಲ್ಲಿಯವರು? ಬೀದರದವನು ಎಂದು ಹೇಳಿ ಕೊತ್ತಂಬರಿ ಕೊಂಡು ಬರುವಾಗ, ಪಕ್ಕದಲ್ಲಿ ನಡೆಯುವ ಅವಳನ್ನು ಯಾರೂ ಕೇಳಲಿಲ್ಲವಲ್ಲ ಎಂದು ಅವನ ಕಿವಿ ಬಿಸಿಯಾಗುತ್ತಿತ್ತು. ಉತ್ಕರ್ಷ ಅವಳ ಹಿಂದೆ ನಿಂತು, ಮುಟ್ಟದೆ, ಬರೀ ಗಾಳಿಯಲ್ಲಿ ಕೈಯಾಡಿಸಿ ಹೇಳಿಕೊಡುವಾಗ ಅವನು ತನ್ನನ್ನು ತಾನು ಪರೀಕ್ಷಿಸಿ ನೋಡಿದ್ದ. ಆ ಹೊಟ್ಟೆಕಿಚ್ಚಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಹೆಂಡತಿಯನ್ನು ಇನ್ನೊಬ್ಬ ನೋಡಿದನೆಂದು ಉರಿಯುವವನಿಗೆ ಲೋಕದಲ್ಲಿ ಒಂದು ಮರ್ಯಾದೆ ಇದೆ. ಹೆಂಡತಿಯ ಮಣಿಕಟ್ಟಿನ ಮೇಲೆ ಉರಿಯುವವನು ಯಾರ ಮುಂದೆ ಹೇಳಿಕೊಳ್ಳಬೇಕು?

"ಮುಟ್ಟಿದಿವೇನ್ರಿ?" ವೈಜಾಪುರದಲ್ಲಿ ಅವಳು ಎದ್ದು ಕೂತಳು.

"ಇನ್ನಾ ತಾಸು ಅದ. ಮಲಕೋ."

"ನೀವು ಛಾ ಕುಡದಿಲ್ಲ. ತಲಿ ನೋಯ್ತದ ನಿಮ್ದು, ಆಟ ಬರಂಗಿಲ್ಲ ಮತ್ತ." ಅವಳು ಥರ್ಮಾಸಿನಿಂದ ಮುಚ್ಚಳಕ್ಕೆ ಚಹಾ ಬಗ್ಗಿಸಿ ಕೊಟ್ಟಳು. ಕಾರು ಹಾರುತ್ತಿದ್ದರೂ ಒಂದು ಹನಿ ಚೆಲ್ಲಲಿಲ್ಲ. ಒಂದೇ ಚುಚ್ಚಿಗೆ ನರ ಹಿಡಿಯುವವಳೆಂದು ಪಂಚವಟಿಯ ಮುದುಕರೆಲ್ಲ ಅವಳನ್ನೇ ಕೇಳಿಕೊಂಡು ಬರುತ್ತಾರೆ. ಅವನು ಚಹಾ ಕುಡಿದ. ಸಕ್ಕರೆ ಅವನಿಗೆ ಬೇಕಾದಷ್ಟೇ ಇತ್ತು.

ಸಂಭಾಜಿನಗರದ ಮೈದಾನ ಊರ ಹೊರಗೆ, ಒಣ ಹುಲ್ಲಿನ ನಡುವೆ ಒಂಬತ್ತು ಹಸಿರು ತೇಪೆ ಹಾಕಿದಂತಿತ್ತು. ಬೇವಿನ ಮರಗಳು, ದೂರದಲ್ಲಿ ಚಪ್ಪಟೆ ತಲೆಯ ಗುಡ್ಡಗಳು. ಅವನ ಗುಂಪಿನಲ್ಲಿ ವಿನಯ ಸಾಹೇಬರಿದ್ದರು. ಮೊದಲ ಚೆಂಡಿಗೆ ನಿಂತಾಗ ಬೆನ್ನ ಹಿಂದೆ ಹತ್ತು ಹನ್ನೆರಡು ಜನ, ಅವರಲ್ಲಿ ಮಂಜುಶ್ರೀ. ಕೋನ, ಕೋನ ಎಂದುಕೊಂಡ. ಚೆಂಡಿನ ನೆತ್ತಿ ಸವರಿತು. ಅದು ಇಪ್ಪತ್ತು ಗಜ ಉರುಳಿ, ಇನ್ನೂ ಸ್ವಲ್ಪ ಹೋಗಲೋ ಬೇಡವೋ ಎನ್ನುವಂತೆ ನಿಂತಿತು. "ಥಿಯರಿ ಮೇಂ ಫುಲ್ ಮಾರ್ಕ್ಸ್, ರವಿಕಾಂತ," ಎಂದರು ಸಾಹೇಬರು. ಎಲ್ಲರೂ ಪ್ರೀತಿಯಿಂದಲೇ ನಕ್ಕರು. ಪ್ರೀತಿಯಿಂದ ನಗುವವರಿಗೆ ತಿರುಗಿ ಹೇಳಲು ಏನೂ ಇರುವುದಿಲ್ಲ. ಉಳಿದ ಎಂಟು ಕುಳಿಗಳಲ್ಲೂ ಅವನು ಮರದ ಬುಡದಲ್ಲೋ, ಮುಳ್ಳಿನ ಪೊದೆಯಲ್ಲೋ ಬಗ್ಗಿ ಚೆಂಡು ಹುಡುಕುತ್ತಿದ್ದ. ಹಾಗೆ ಬಗ್ಗಿದಾಗಲೆಲ್ಲ ಸಾತಪುರದ ಟೆಸ್ಟ್ ರೂಮು ನೆನಪಾಗುತ್ತಿತ್ತು. ಅಲ್ಲಿ ಅವನು ಗುಂಡಿ ಒತ್ತಿದರೆ ಕೊಂಡಿ ಕಳಚಿ, ಸ್ಪ್ರಿಂಗು ಸಿಡಿದು, ಕಣ್ಣು ಮಿಟುಕಿಸುವುದರ ಹತ್ತರಲ್ಲೊಂದು ಭಾಗದಲ್ಲಿ ಎಲ್ಲ ಮುಗಿಯುತ್ತದೆ. ಸಾವಿರ ಸಲ ಒತ್ತಿದರೆ ಸಾವಿರ ಸಲ. ಒಂದು ಉಕ್ಕಿನ ಕೊಂಡಿಗೆ ಕಲಿಸಿದ್ದನ್ನು ತನಗೆ ಕಲಿಸಿಕೊಳ್ಳಲಾರದವನು ಎಂಥ ಎಂಜಿನಿಯರ್? ಹುಲ್ಲಿನಲ್ಲಿ ಚೆಂಡು ಸಿಕ್ಕಿತು. ಅದು ಬೇರೆ ಯಾರದೋ ಆಗಿತ್ತು.

ಹನ್ನೆರಡಕ್ಕೆ ಹೆಂಗಸರ ಸರದಿ. ಹನ್ನೊಂದು ಜನ, ತಲಾ ಮೂರು ಚೆಂಡು, ಒಂದು ಸುತ್ತಿಗೆ ಒಂದರಂತೆ. ಮೂರರಲ್ಲಿ ಯಾವುದು ದೂರವೋ ಅದೇ ಲೆಕ್ಕಕ್ಕೆ. ವಾಳೂಜ್ ಕಡೆಯ ಕಾರ್ಖಾನೆಯ ಒಬ್ಬ ಎತ್ತರದ ಹೆಂಗಸು ಮೊದಲ ಸುತ್ತಿನಲ್ಲೇ ನೂರಾ ಐವತ್ತೆಂಟು ಗಜ ಹೊಡೆದಿದ್ದಳು. ಮಂಜುಶ್ರೀ ಬಿಳಿಯ ಬೂಟು ಹಾಕಿಕೊಂಡು ಬಂದು ನಿಂತಳು. ಅವಳು ಕ್ಲಬ್ಬನ್ನು ಮೇಲಕ್ಕೆತ್ತಿದ ರೀತಿಯಲ್ಲಿ ಯಾವ ಯೋಚನೆಯೂ ಇರಲಿಲ್ಲ. ತೋಳು ಇಳಿಯಿತು, ಕ್ಲಬ್ಬು ಹಿಂದೆ ಉಳಿಯಿತು. ರವಿಕಾಂತನಿಗೆ ಆ ಕೋನ ಬರಿಗಣ್ಣಿಗೇ ಕಂಡಿತು, ಯಾರೋ ಕಾಗದದ ಮೇಲೆ ಗೆರೆ ಎಳೆದು ತೋರಿಸಿದ ಹಾಗೆ. ಸೊಂಟದ ತನಕ ಹಾಗೇ ಇದ್ದು, ಆಮೇಲೆ ತಾನಾಗಿ ಬಿಚ್ಚಿಕೊಂಡಿತು. ಸುಂದರವಾಗಿತ್ತು. ಅದು ಸುಂದರವಾಗಿದೆ ಎಂದು ಅಲ್ಲಿದ್ದವರೆಲ್ಲರಿಗಿಂತ ಚೆನ್ನಾಗಿ ತಿಳಿದವನು ತಾನೇ ಎನ್ನುವುದು ಅವನ ಎದೆಯಲ್ಲಿ ಮುಳ್ಳಿನಂತೆ ಆಡಿತು. ಬಾವುಟ ಹಿಡಿದವನು ದೂರದಿಂದ ಕೂಗಿದ: ನೂರಾ ಐವತ್ನಾಲ್ಕು. ಸುತ್ತಿನ ಕೊನೆಗೆ ಅವಳದು ಎರಡನೆಯ ಸ್ಥಾನ. ವಿನಯ ಸಾಹೇಬರು ಅವನ ಹೆಗಲ ಮೇಲೆ ಕೈ ಹಾಕಿ, ಎಲ್ಲರಿಗೂ ಕೇಳಿಸುವಂತೆ, "ಆಜ್ ಸೇ ತುಮ್ ಭಾಭೀ ಕಾ ಬ್ಯಾಗ್ ಉಠಾವೊ" ಎಂದರು. ಇವತ್ತಿನಿಂದ ನೀನು ಅವಳ ಚೀಲ ಹೊರು. ಅವನು ಎಲ್ಲರಿಗಿಂತ ಜೋರಾಗಿ ನಕ್ಕ.

ನಗುತ್ತಲೇ ನೀರಿನ ಬಾಟಲಿ ತೆಗೆದುಕೊಂಡು ಅವಳು ನಿಂತಿದ್ದ ಬೇವಿನ ನೆರಳಿಗೆ ಹೋದ.

"ಛೊಲೋ ಹೊಡದಿ."

"ಹೌದೇನ್ರಿ? ಆಕಿ ಭಾಳ ಚಂದ ಹೊಡೀತಾಳ ನೋಡ್ರಿ, ಆ ಎತ್ತರದಾಕಿ."

"ಆಕಿಗಿ ನಾಕ ಗಜ ಅಷ್ಟ ಕಡಿಮಿ ನೀ." ಅವನ ದನಿ ಮೃದುವಾಗಿತ್ತು. ಒಳ್ಳೆಯದನ್ನು ಬಯಸುವವರ ದನಿ. "ಒಂದ್ ಮಾತು ಹೇಳ್ಲೇನು? ನೀ ಲಗೂನ ಬಿಡ್ಲಕತ್ತಿ. ಮಣಿಕಟ್ಟು ಬಿಗಿ ಹಿಡಿ. ಚೆಂಡಿಗಿ ಮುಟ್ಟೂತನಾ ಬಿಡಬ್ಯಾಡ."

ಅವಳು ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದವಳು ನಿಲ್ಲಿಸಿ ಅವನ ಮುಖ ನೋಡಿದಳು. "ಹಿಡೀಬೇಕೇನ್ರಿ?"

"ಹೂಂ. ಗಟ್ಟಿಯಾಗಿ."

ಹೇಳುವಾಗಲೇ ಅವನಿಗೆ ಗೊತ್ತಿತ್ತು. ಆಮೇಲೆ ಎಷ್ಟು ಸಲ ತಿರುವಿ ನೋಡಿದರೂ, ಗೊತ್ತಿರಲಿಲ್ಲ ಎಂದು ತನಗೆ ತಾನು ಹೇಳಿಕೊಳ್ಳಲು ಒಂದು ಸಂದು ಸಿಗಲಿಲ್ಲ. ತನ್ನ ಬಾಯಿಂದ ಬಂದ ಶಬ್ದಗಳನ್ನು ಅವನು ಸ್ವಲ್ಪ ದೂರದಲ್ಲಿ ನಿಂತು ಕೇಳಿಸಿಕೊಂಡಂತೆ ಇತ್ತು. ಎರಡನೆಯ ಸುತ್ತಿನಲ್ಲಿ ಅವಳು ನಿಂತಾಗ ಗೆಣ್ಣುಗಳು ಬೆಳ್ಳಗಾಗಿದ್ದವು. ಕ್ಲಬ್ಬು ತಡವಾಗಿ, ಮುಖ ಹೊರಳಿ ಬಂತು. ಚೆಂಡು ಬಲಕ್ಕೆ ಸಿಡಿದು ಅರವತ್ತು ಗಜದಲ್ಲಿ ಮರಕ್ಕೆ ಬಡಿಯಿತು. ಅಯ್ಯೋ ಎಂದರು ಯಾರೋ. ಅವನಿಗೆ ಆದದ್ದು ಸಂತೋಷವೇ. ಬಿಸಿಲಿನಲ್ಲಿ ತಣ್ಣೀರು ಗಂಟಲಿನಿಂದ ಇಳಿದಂತೆ ಅದು ಮೈಯೊಳಗೆ ಇಳಿಯಿತು, ಇಳಿದು ಮುಗಿದ ಮೇಲೆ ಅವನು ತನಗೆ ತಾನೇ ಹೇಳಿಕೊಂಡ: ಇನ್ನೊಂದು ಚೆಂಡಿದೆ, ಹೋಗಿ ಹೇಳು, ನಾ ಹೇಳಿದ್ದು ಬಿಟ್ಟುಬಿಡು ಎಂದು ಹೇಳು. ಹತ್ತು ಹೆಂಗಸರು ಹೊಡೆದು ಮುಗಿಸುವಷ್ಟು ಹೊತ್ತು ಅವನಿಗಿತ್ತು. ಅಷ್ಟರಲ್ಲಿ ಇನ್ನೊಬ್ಬಾಕೆಯ ಚೆಂಡು ನೂರಾ ಐವತ್ತಾರಕ್ಕೆ ಬಿದ್ದು ಮಂಜುಶ್ರೀ ಮೂರನೆಯವಳಾದಳು. ಅವನು ಕದಲದೆ ನಿಂತಿದ್ದ, ಪಕ್ಕದವರೊಡನೆ ವೈಜಾಪುರದ ರಸ್ತೆಯ ಬಗ್ಗೆ ಮಾತಾಡುತ್ತ. ಮೂರನೆಯ ಚೆಂಡು ಉರುಳಿತು. ಬೆಳಿಗ್ಗೆ ಅವನದು ನಿಂತಷ್ಟೇ ದೂರಕ್ಕೆ ನಿಂತಿತು.

ಗೆದ್ದ ಇಬ್ಬರಿಗೂ ಅವಳು ಕೈ ಕುಲುಕಿದಳು. ಉತ್ಕರ್ಷ ಓಡಿ ಬಂದ. ನಾಸಿಕದವರ ತಂಡವನ್ನು ಕರೆತಂದವನು ಅವನೇ. ಅವನ ಮುಖದಲ್ಲಿ ನಗು ಇರಲಿಲ್ಲ. "ವಹಿನಿ, ಹಾತ್ ಕಾ ಧರಲಾ? ಕೋಣಿ ಸಾಂಗಿತಲಂ?" ಕೈ ಯಾಕೆ ಬಿಗಿ ಹಿಡಿದಿರಿ, ಯಾರು ಹೇಳಿದರು? ರವಿಕಾಂತ ಅವಳಿಂದ ಎರಡು ಹೆಜ್ಜೆ ದೂರದಲ್ಲಿ ಅವಳ ಚೀಲದ ಜಿಪ್ಪು ಎಳೆಯುತ್ತಿದ್ದ. ಜಿಪ್ಪು ಸಿಕ್ಕಿಕೊಂಡಿತು.

"ಕೋಣಿ ನಾಹಿ," ಎಂದಳು ಮಂಜುಶ್ರೀ. ಯಾರೂ ಇಲ್ಲ. "ಮಾಝಂಚ್ ಚುಕಲಂ." ನಂದೇ ತಪ್ಪಾಯಿತು.

ಹಿಂದಿರುಗುವಾಗ ಅವಳು ಮಲಗಲಿಲ್ಲ. ಮೃದುಲಾಗೆ ಫೋನು ಮಾಡಿ "ಮೂರನೇ ನಂಬರ್ ಬಂದೆ, ಪುಣೆ ಇಲ್ಲ" ಎಂದು ಹೇಳಿದಳು. ಆ ಕಡೆಯಿಂದ "ಅರೆ ಯಾರ್, ಮಮ್ಮೀ!" ಎನ್ನುವುದು ಕೇಳಿಸಿತು. ಫ್ರಿಜ್ಜಿನಲ್ಲಿ ಸಾರಿದೆ, ಬಿಸಿ ಮಾಡಿಕೊ ಎಂದಳು. ಯೇವಲೆಯಲ್ಲಿ ಸೀರೆ ಅಂಗಡಿಗಳ ಸಾಲು ಮುಗಿದ ಮೇಲೆ ಅವನು ಒಂದು ಚಹಾದ ಹೊಟೇಲಿನ ಮುಂದೆ ಕಾರು ನಿಲ್ಲಿಸಿದ. ಹೊರಗೆ ಹಾಕಿದ ಪ್ಲಾಸ್ಟಿಕ್ ಮೇಜು. ಸಂಜೆಯ ಬಿಸಿಲು ಅವಳ ಮುಖದ ಒಂದು ಕಡೆ ಬಿದ್ದಿತ್ತು. ಅಷ್ಟು ಹೊತ್ತೂ ಅವನು ವಾಕ್ಯಗಳನ್ನು ಕಟ್ಟಿ ಕಟ್ಟಿ ಕೆಡವಿದ್ದ. ಕೊನೆಗೆ ಅವು ಯಾವುವೂ ಬರಲಿಲ್ಲ.

"ಮಂಜು, ನಾ ನಿಂಗ ಖೊಟ್ಟಿ ಹೇಳಿದೆ. ಬೇಕಂತನ."

"ಗೊತ್ತದ್ರಿ."

"ಏನ್ ಗೊತ್ತದ?"

"ಹಿಡದ್ರ ಕೆಡ್ತದ ಅಂತ. ಮೂರ್ ವರ್ಷಾತು, ಊಟಕ್ಕ ಕುಂತಾಗೆಲ್ಲ ಅದನ್ನ ಹೇಳ್ತೀರಿ. ಚಮಚಾ ಇಟ್ಟು. ಆ ಉತ್ಕರ್ಷ ಸರ್ ಹೇಳೂಕಿಂತ ಮೊದಲ ನನಗ ಎಲ್ಲಾ ಬಾಯಿಪಾಠ ಇತ್ತು."

"ಮತ್ತ ಯಾಕ ಹಿಡದಿ?"

ಅವಳು ಗ್ಲಾಸನ್ನು ಎರಡು ಕೈಯಿಂದ ಹಿಡಿದುಕೊಂಡು ರಸ್ತೆಯ ಕಡೆ ನೋಡಿದಳು. ಮನ್ಮಾಡಿನ ಬಸ್ಸೊಂದು ಧೂಳೆಬ್ಬಿಸಿ ಹೋಯಿತು.

"ನಿಮ್ಮ ಮಾರಿ ನೋಡಿದೆ ರೀ. ಮುಂಜಾನಿಂದ ನೋಡ್ಲಕತ್ತಿದ್ದೆ. ಮುಂಜಾನಿಂದ ಏನು, ನಾಕ್ ತಿಂಗಳಾತು. ಇವರಿಗಿ ಇದು ಇಷ್ಟು ಬೇಕಾಗ್ಯಾದಂದ್ರ ಕೊಟ್ಟಬಿಡೂಣು ಅನ್ನಿಸ್ತು." ಚಹಾ ಮುಗಿಸಿ ಗ್ಲಾಸು ಕೆಳಗಿಟ್ಟಳು. "ಒಂದ್ ಸಲ ಕೊಟ್ಟೀನಿ. ಇನ್ನೊಂದ್ ಸಲ ಕೇಳಬ್ಯಾಡ್ರಿ."

ಅವಳು ಸಿಟ್ಟಾಗಿದ್ದರೆ ಅವನು ಕ್ಷಮೆ ಕೇಳಬಹುದಿತ್ತು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ತಾನು ಕದ್ದೆ ಎಂದುಕೊಂಡು ಇಡೀ ದಾರಿ ಹೊತ್ತು ತಂದದ್ದು ಅವಳು ಕೊಟ್ಟದ್ದಾಗಿತ್ತು. ಕಳ್ಳನಿಗೆ ಉಳಿಯುವ ಅಷ್ಟು ಗೌರವವೂ ಉಳಿಯಲಿಲ್ಲ. ಹಾಗೆ ಕೊಟ್ಟುಬಿಡಲು ಅವಳಿಗೆ ಹೇಗೆ ಸಾಧ್ಯವಾಯಿತು ಎಂದು ಯೋಚಿಸುತ್ತ ಕಾರು ಹತ್ತಿದವನಿಗೆ, ತಾನು ಈಗ ಅದಕ್ಕೂ ಕರುಬುತ್ತಿದ್ದೇನೆ ಎಂಬುದು ಕೀಲಿ ತಿರುಗಿಸುವಾಗ ಹೊಳೆಯಿತು.

ಆ ವಾರ ಮನೆಯಲ್ಲಿ ಏನೂ ಬದಲಾಗಲಿಲ್ಲ. ಅವಳು ಎಂದಿನಂತೆ ಡಬ್ಬಿ ಕಟ್ಟಿಕೊಟ್ಟಳು, ಅವನ ಬಿಪಿ ನೋಡಿದಳು. ಗುರುವಾರ ತಟ್ಟೆ ಮುಂದಿಟ್ಟು, "ನಾ ಬುಧವಾರ ಮುಂಜಾನೆ ಹೋಗ್ತೀನಿ ರೀ ರೇಂಜಿಗಿ, ಡ್ಯೂಟಿಗಿಂತ ಮೊದಲ. ನಿನ್ನಿನೂ ಹೋಗಿದ್ದೆ. ಆಯ್ತವಾರ ನೀವು ಹೋಗ್ರಿ," ಎಂದಳು. ಅವನು ಆಗಲಿ ಎಂದ. ಮೇಜಿನ ಮೇಲೆ ಚಮಚಗಳು ಇದ್ದವು. ಅವನು ಕೈಯಿಂದಲೇ ಉಂಡ.

ಭಾನುವಾರ ಅವನೊಬ್ಬನೇ ಹೋದ. ಹತ್ತಾರು ಚೆಂಡು ಹೊಡೆದ. ಒಂದೆರಡು ಪರವಾಗಿಲ್ಲ ಎನ್ನುವಂತೆ ಹೋದವು. ಪಕ್ಕದ ಮ್ಯಾಟು ಖಾಲಿಯಿತ್ತು. ಪ್ರತಿ ಹೊಡೆತವಾದ ಮೇಲೆ ಅವನ ತಲೆ ತಾನಾಗಿ ಆ ಕಡೆ ತಿರುಗುತ್ತಿತ್ತು. ಕೇಳಬಾರದೆಂದು ನಿರ್ಧರಿಸಿಕೊಂಡೇ ಮನೆ ಬಿಟ್ಟಿದ್ದ. ಉತ್ಕರ್ಷ ಹತ್ತಿರ ಬಂದಾಗ, ಕೈಗವಸು ಸರಿಮಾಡಿಕೊಳ್ಳುತ್ತ, ಏನೋ ನೆನಪಾದವನಂತೆ ಕೇಳಿಯೇ ಬಿಟ್ಟ: "ಬುಧವಾರ ಇವಳದು ಎಷ್ಟು ಹೋಯಿತು?" ಅವನ ಮರಾಠಿ ಎಂದಿನಂತೆ ಎಡವಿತು.

ಉತ್ಕರ್ಷನ ಮುಖ ಒಂದು ಗಳಿಗೆ ಬೆಳಗಿತು. ಆಮೇಲೆ ಅದನ್ನು ಅವನು ಅಡಗಿಸಿಕೊಂಡದ್ದು ಕಂಡಿತು. ದೂರದ ಫಲಕಗಳ ಕಡೆ ನೋಡಿ, ಕತ್ತಿನ ಹಿಂಭಾಗ ತುರಿಸಿಕೊಂಡ.

"ಸರ್, ವಹಿನಿ ಸಾಂಗೂ ನಕಾ ಮ್ಹಣಾಲ್ಯಾ," ಎಂದ ಸಂಕೋಚದಿಂದ. ನಿಮಗೆ ಹೇಳಬೇಡ ಅಂದಿದ್ದಾರೆ.

ಹೇಳಿ, ಬಗ್ಗಿ, ಬುಟ್ಟಿಯಿಂದ ಇನ್ನೊಂದು ಚೆಂಡು ತೆಗೆದು ಅವನ ಮುಂದಿಟ್ಟು ಹೋದ. ರವಿಕಾಂತ ಅದರ ಮೇಲೆ ಬಗ್ಗಿ ನಿಂತ. ಕೈಯಲ್ಲಿ ಕ್ಲಬ್ಬಿತ್ತು. ಅದನ್ನು ಎತ್ತಲು ಬಹಳ ಹೊತ್ತು ಹಿಡಿಯಿತು.